ಗ್ರಂಥಪಾಲಕರ ಗುರು ಡಾ. ಎಸ್.ಆರ್. ರಂಗನಾಥನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡು ಎಂದು ಗುರುಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಶಾಲೆಯ ಪುಸ್ತಕದ ಬೀರು. ಆದ್ದರಿಂದ ಪುಸ್ತಕಗಳಿಗಾಗಿ ಬದುಕಿದ ಡಾ. ಎಸ್.ಆರ್. ರಂಗನಾಥನ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಅವರು ಗಣಿತದ ಮೇಷ್ಟ್ರು. ಮಾತು ತೊದಲುತ್ತಿದ್ದರೂ ಪಾಠ ಮಾಡುವುದೆಂದರೆ ಪ್ರಾಣ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಕೆಲವೇ ದಿನಗಳಲ್ಲಿ ಬೇಸರ ಬಂದು, ತರಗತಿಗೇ ಮರಳುತ್ತೇನೆ ಎಂದರು. ಹಿರಿಯರು ಸಮಾಧಾನ ಮಾಡಿ ಲಂಡನ್ನಿಗೆ ಕಳುಹಿಸಿದರು. ಅಲ್ಲಿ ಮಕ್ಕಳು, ಕಾರ್ಮಿಕರು, ಹೆಂಗಸರು ಎಲ್ಲರೂ ಲೈಬ್ರರಿಗೆ ಬಂದು ಓದುವುದನ್ನು ಕಂಡು ಅವರ ಮನಸ್ಸು ಬದಲಾಯಿತು. ಇದೂ ಮೇಷ್ಟ್ರ ಕೆಲಸವೇ ಎಂದು ತಿಳಿದು 1925ರಲ್ಲಿ ಹಿಂತಿರುಗಿದರು.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೊ ಆಟಿಕೆ ನೋಡಿದ್ದರು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ಗೊಂಬೆ. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದೆಂದು ಹೊಳೆಯಿತು. ಅದೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ಇಂದು ಮೊಬೈಲಿನಲ್ಲಿ ಬಣ್ಣ, ಅಳತೆ, ಬೆಲೆ ಆರಿಸಿ ಸೀರೆ ಹುಡುಕುತ್ತೇವಲ್ಲ, ಅದರ ಹಿಂದಿನ ಯೋಚನೆಯೂ ಇದೇ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆಯೇ ನನಗಿದು ತಿಳಿದದ್ದು.

ಗ್ರಂಥಾಲಯದ ಐದು ಸೂತ್ರಗಳನ್ನು ಅವರು 1931ರಲ್ಲಿ ಪುಸ್ತಕವಾಗಿ ತಂದರು. ಅವುಗಳ ತಿರುಳು ಇಷ್ಟೇ: ಪುಸ್ತಕ ಕಾಪಾಡಲಿಕ್ಕಲ್ಲ, ಓದಲಿಕ್ಕೆ. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನಗಾಡಿಯಲ್ಲಿ ಪುಸ್ತಕಗಳು ಹೊರಟವು.

ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ಶ್ರಮವಿದೆ. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರ ಕಟ್ಟುವುದು ಆ ಕಾಯಿದೆಯಂತೆಯೇ. ಅಂದರೆ ಶಿಡ್ಲಘಟ್ಟದ ಲೈಬ್ರರಿ ರೇಷ್ಮೆ ಬೆಳೆಗಾರನದ್ದೂ ಹೌದು, ನೂಲು ಬಿಚ್ಚುವವನದ್ದೂ ಹೌದು. 1972ರಲ್ಲಿ ಬೆಂಗಳೂರಿನಲ್ಲೇ ಅವರು ತೀರಿಕೊಂಡರು.

ಈಗ ನನ್ನ ತಪ್ಪೊಪ್ಪಿಗೆ. ಹತ್ತನೇ ತರಗತಿಯಲ್ಲಿ ಶಾಲೆಯ ಬೀರುವಿನಿಂದ ತಂದ ವಿಜ್ಞಾನದ ಪುಸ್ತಕವೊಂದನ್ನು ನಾನು ಹಿಂದಿರುಗಿಸಲೇ ಇಲ್ಲ. ಬೆಂಗಳೂರಿನ ಮನೆಯಲ್ಲಿ ಧೂಳೂ ಕೂರದಂತೆ ಜೋಪಾನ ಮಾಡಿದ್ದೇನೆ. ಇಷ್ಟು ವರ್ಷ ಅದನ್ನು ಓದಬೇಕಿದ್ದ ಮಕ್ಕಳೆಷ್ಟೋ! ಮಹೋತ್ಸವದ ದಿನ ಆ ಪುಸ್ತಕದ ಜೊತೆ ಇನ್ನಷ್ಟು ಪುಸ್ತಕಗಳನ್ನೂ ತರುತ್ತೇನೆ. ಹಳೆಯ ಗೆಳೆಯರೇ, ನಿಮ್ಮ ಮನೆಯ ಕಪಾಟನ್ನೂ ಒಮ್ಮೆ ನೋಡಿ.