ರಟ್ಟ ಮಹಾಮಂಡಲೇಶ್ವರ ನಾಲ್ಕನೆಯ ಕಾರ್ತವೀರ್ಯ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಿಂದ ಪುನೀತವಾದ ಇಂದಿನ ಬೆಳಗಾವಿ ಸೀಮೆಯ ಬಹುಭಾಗವು ಪೂರ್ವಕಾಲದಲ್ಲಿ ಕೂಂಡಿ ಮೂರುಸಾವಿರ ನಾಡೆಂದು ಪ್ರಸಿದ್ಧವಾಗಿತ್ತು. ರಾಯಬಾಗ, ಅಲಖನೂರ ಪರಿಸರದ ಗ್ರಾಮಗಳೂ ಈ ನಾಡಿನ ಅಂಗಗಳೇ. ಕ್ರಿ.ಶ. 10ರಿಂದ 13ನೆಯ ಶತಮಾನದವರೆಗೆ ಇಲ್ಲಿ ಆಳಿದ ರಟ್ಟರು ಜಿನಧರ್ಮಕ್ಕೆ ಆಶ್ರಯವಿತ್ತು ಕೀರ್ತಿಶಾಲಿಗಳಾದರು. ಆ ವಂಶದ ಅರಸರಲ್ಲಿ ಅಗ್ರಗಣ್ಯನು ನಾಲ್ಕನೆಯ ಕಾರ್ತವೀರ್ಯ.

ಈತನ ತಂದೆ ಒಂದನೆಯ ಲಕ್ಷ್ಮೀದೇವ, ತಾಯಿ ಚಂದ್ರಿಕಾದೇವಿ. ಚಂದಲದೇವಿಯೆಂದೂ ಕರೆಯಲ್ಪಡುತ್ತಿದ್ದ ಆಕೆ ಪರಮ ಜಿನಭಕ್ತೆ. ಸುಮಾರು 1199ರಲ್ಲಿ ಕಾರ್ತವೀರ್ಯನು ಅಧಿಕಾರಕ್ಕೆ ಬಂದಾಗ ನಾಡಿನ ಸ್ಥಿತಿ ನೆಮ್ಮದಿಯದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಸಾಮ್ರಾಜ್ಯ ಅಳಿದುಹೋಗಿತ್ತು. ಉತ್ತರದಿಂದ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ಕನ್ನಡನಾಡಿಗಾಗಿ ಹೋರಾಡುತ್ತಿದ್ದರು. ಈ ಇಕ್ಕಟ್ಟಿನ ನಡುವೆ ಚಿಕ್ಕ ರಾಜ್ಯವೊಂದನ್ನು ಉಳಿಸಿಕೊಳ್ಳುವುದು ಸಾಮಾನ್ಯ ಕಾರ್ಯವಾಗಿರಲಿಲ್ಲ. ತಮ್ಮನಾದ ಮಲ್ಲಿಕಾರ್ಜುನನನ್ನು ಯುವರಾಜನನ್ನಾಗಿ ಮಾಡಿಕೊಂಡು, ಅಣ್ಣತಮ್ಮಂದಿರು ಒಮ್ಮನದಿಂದ ರಾಜ್ಯವಾಳಿದರು.

ರಟ್ಟರ ಹಿಂದಿನ ರಾಜಧಾನಿ ಮಲಪ್ರಭೆಯ ಸೀಮೆಯ ಸುಗಂಧವರ್ತಿ, ಅಂದರೆ ಸವದತ್ತಿ. ಗೋವೆಯ ಕದಂಬರ ವಶದಲ್ಲಿದ್ದ ವೇಣುಗ್ರಾಮವು ರಟ್ಟರ ಕೈಸೇರಿದ ಮೇಲೆ ಕಾರ್ತವೀರ್ಯನು ಅಲ್ಲಿಂದ ರಾಜ್ಯಭಾರ ಮಾಡತೊಡಗಿದನು. ಆ ವೇಣುಗ್ರಾಮವೇ ಇಂದಿನ ಬೆಳಗಾವಿ. ಅಲ್ಲಿಯ ಕೋಟೆಗೆ ಮೊದಲು ಅಡಿಪಾಯ ಹಾಕಿದವನು ಅರಸನ ಮಂತ್ರಿ ಬೀಚಿರಾಜನೆಂದು ಪರಂಪರೆ ಹೇಳುತ್ತದೆ. ಬೀಚಿರಾಜನು ಶಾಂತಿನಾಥ ತೀರ್ಥಂಕರರಿಗೆ ಬಸದಿಯನ್ನು ಕಟ್ಟಿಸಿ ಅದಕ್ಕೆ ರಟ್ಟ ಜಿನಾಲಯವೆಂದು ತನ್ನ ಒಡೆಯನ ಕುಲದ ಹೆಸರನ್ನೇ ಇಟ್ಟನು. 1204ರಲ್ಲಿ ಕಾರ್ತವೀರ್ಯ, ಮಲ್ಲಿಕಾರ್ಜುನರು ಈ ಬಸದಿಗೆ ದತ್ತಿಯನ್ನು ಬಿಟ್ಟು, ಆಚಾರ್ಯರಾದ ಶುಭಚಂದ್ರ ಭಟ್ಟಾರಕರಿಗೆ ಒಪ್ಪಿಸಿದರು.

ಅರಸನ ದಾನಕ್ಕೆ ಪಟ್ಟಣದ ದಾನವೂ ಕೂಡಿಕೊಂಡಿತು. ವೇಣುಗ್ರಾಮದ ವರ್ತಕರು, ಅವರೊಡನೆ ಲಾಳದೇಶದಿಂದಲೂ ಮಲೆಯಾಳದಿಂದಲೂ ಬಂದು ನೆಲೆಸಿದ್ದ ವ್ಯಾಪಾರಿಗಳು ತಮ್ಮ ಸರಕುಗಳ ಮೇಲೆ ಬಸದಿಗೆ ಸಲ್ಲಬೇಕಾದ ಪಾಲನ್ನು ಗೊತ್ತುಪಡಿಸಿದರು. ಪೂಜೆ, ಜೀರ್ಣೋದ್ಧಾರ, ಆಹಾರದಾನಗಳು ಒಬ್ಬನ ಔದಾರ್ಯವನ್ನೇ ನೆಚ್ಚಿಕೊಂಡು ನಿಂತರೆ ಅವನೊಂದಿಗೇ ನಿಂತುಹೋಗುತ್ತವೆ. ಅರಸು, ಮಂತ್ರಿ, ವರ್ತಕರು ಕೂಡಿ ಹೊತ್ತ ಭಾರ ಹಗುರವೂ ಸ್ಥಿರವೂ ಆಗುತ್ತದೆ.

ತಾಯಿ ಕಟ್ಟಿಸಿದ ಜಿನಾಲಯಕ್ಕೂ ಕಾರ್ತವೀರ್ಯನು ದತ್ತಿಯನ್ನಿತ್ತನು. ರಾಯಬಾಗ, ಕಲ್ಲೋಳಿಗಳ ಶಾಸನಗಳು ಅವನ ಕಾಲದ ಧರ್ಮಕಾರ್ಯಗಳಿಗೆ ಸಾಕ್ಷಿಯಾಗಿವೆ. ಪಾರ್ಶ್ವನಾಥಪುರಾಣವನ್ನು ರಚಿಸಿದ ಪಾರ್ಶ್ವಪಂಡಿತನು ಈತನ ಆಸ್ಥಾನಕ್ಕೆ ಭೂಷಣನಾಗಿದ್ದನು.

ಆದರೆ ರಾಜ್ಯಲಕ್ಷ್ಮಿ ಚಂಚಲೆ. ಕಾರ್ತವೀರ್ಯನ ತರುವಾಯ ಅವನ ಮಗ ಎರಡನೆಯ ಲಕ್ಷ್ಮೀದೇವನು ಪಟ್ಟಕ್ಕೆ ಬಂದನು. ರಾಜಗುರು ಮುನಿಚಂದ್ರರ ಸಮರ್ಥ ಮಾರ್ಗದರ್ಶನವಿದ್ದರೂ ರಟ್ಟರ ಸ್ವಾತಂತ್ರ್ಯ ಬಹುಕಾಲ ನಿಲ್ಲಲಿಲ್ಲ. 1238ರ ಹೊತ್ತಿಗೆ ಸೇವುಣ ಸಿಂಘಣನ ದಂಡನಾಯಕನು ಕೂಂಡಿ ನಾಡನ್ನು ಅಡಗಿಸಿದ್ದನು. ಆ ದಂಡನಾಯಕನ ಹೆಸರೂ ಬೀಚಣನೆಂದಿರುವುದು ವಿಧಿಯ ವಿಚಿತ್ರ! ಒಬ್ಬ ಬೀಚಣನು ರಟ್ಟರ ಹೆಸರಿನಲ್ಲಿ ಬಸದಿಯನ್ನು ಕಟ್ಟಿಸಿದನು. ಇನ್ನೊಬ್ಬನು ರಟ್ಟರ ರಾಜ್ಯವನ್ನೇ ಕೊನೆಗಾಣಿಸಿದನು.

ಬೆಳಗಾವಿಯ ಕೋಟೆಯು ಆಮೇಲೆ ಅನೇಕ ಒಡೆಯರನ್ನು ಕಂಡಿತು. 1473ರಲ್ಲಿ ಬಹಮನಿ ಸೈನ್ಯವು, 1818ರಲ್ಲಿ ಬ್ರಿಟಿಷರು ಅದನ್ನು ಮುತ್ತಿ ಗೆದ್ದರು. ರಟ್ಟ ಜಿನಾಲಯದ ದತ್ತಿಯನ್ನು ಸಾರುವ ಶಿಲಾಶಾಸನಗಳು ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಇಷ್ಟೆಲ್ಲ ನಡೆದರೂ, ಬೀಚಿರಾಜನ ಹೆಸರಿನೊಡನೆ ಬೆಸೆದುಕೊಂಡಿರುವ ಕಮಲ ಬಸದಿಯು ಕೋಟೆಯೊಳಗೆ ಇಂದಿಗೂ ನಿಂತಿದೆ. ಅದರ ಭುವನೇಶ್ವರಿಯಲ್ಲಿ ಅರಳಿದ ಕಲ್ಲಿನ ಕಮಲದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಕಾಲಗಳ 72 ತೀರ್ಥಂಕರರ ಬಿಂಬಗಳು ಶೋಭಿಸುತ್ತಿವೆ.

ಪ್ರತಿಷ್ಠೆಯ ಮಂಗಲವಾದ್ಯ ಕೆಲವೇ ದಿನಗಳದು. ನಿತ್ಯಪೂಜೆಯ ದೀಪ ತಲೆಮಾರುಗಳದು. ಆ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನೂ ಮುಂದಾಲೋಚಿಸಿದ ಕಾರ್ತವೀರ್ಯನೂ ಅವನ ಮಂತ್ರಿಯೂ ಅವನ ಪಟ್ಟಣಿಗರೂ ಬಸದಿ ಕಟ್ಟುವ ಪ್ರತಿಯೊಂದು ಊರಿನ ಶ್ರಾವಕರಿಗೂ ಮಾದರಿಯಾಗಿದ್ದಾರೆ.