ಕತ್ತಲೆಯ ಕಣಿವೆಯನ್ನು ದಾಟಿದ ಅದೋನೀರಾಮ್ ಜಡ್ಸನರು

ಕರ್ತನನ್ನು ನಂಬಿದವರ ಮನೆಗೂ ಮರಣವು ಬರುತ್ತದೆ. ಆಗ ಪ್ರಾರ್ಥಿಸಲು ಬಾಯಿ ಬಾರದೆ, ದೇವರು ತಮ್ಮನ್ನು ಕೈಬಿಟ್ಟನೆಂದು ಎಣಿಸಿ ಕಳವಳಪಡುವವರು ನಮ್ಮ ಸಭೆಗಳಲ್ಲಿ ಉಂಟು. ಅಂಥವರ ಆದರಣೆಗಾಗಿ, ಈಗ ಮ್ಯಾನ್ಮಾರ್ ಎನಿಸಿಕೊಳ್ಳುವ ಬರ್ಮಾ ದೇಶದಲ್ಲಿ ಸುವಾರ್ತೆಯನ್ನು ಸಾರಿದ ಅದೋನೀರಾಮ್ ಜಡ್ಸನರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1788ನೇ ಇಸವಿ ಆಗಸ್ಟ್ 9ರಂದು ಅಮೇರಿಕ ದೇಶದ ಮಾಲ್ಡೆನ್ ಎಂಬ ಊರಲ್ಲಿ ಒಬ್ಬ ಸಭಾಪಾಲಕರ ಮಗನಾಗಿ ಹುಟ್ಟಿದರು. 1812ರಲ್ಲಿ ತಮ್ಮ ಪತ್ನಿಯಾದ ಆನ್ ಎಂಬಾಕೆಯೊಡನೆ ಹಡಗು ಹತ್ತಿ ಕಲ್ಕತ್ತೆಗೆ ಬಂದು, ಮರುವರುಷ ರಂಗೂನನ್ನು ಸೇರಿದರು. ಅಲ್ಲಿಯ ಭಾಷೆಯನ್ನು ಕಲಿತು ವಾಕ್ಯದ ಬೀಜವನ್ನು ಬಿತ್ತುತ್ತಾ ಇದ್ದರೂ, ಮೊದಲನೆಯ ಫಲವು ಕಾಣಿಸಿದ್ದು 1819ರಲ್ಲಿ. ಆ ವರುಷ ಮೌಂಗ್ ನೌ ಎಂಬವನು ದೀಕ್ಷಾಸ್ನಾನ ಹೊಂದಿದನು.

1824ರಲ್ಲಿ ಇಂಗ್ಲಿಷರಿಗೂ ಬರ್ಮಾದ ಅರಸನಿಗೂ ಯುದ್ಧವುಂಟಾಯಿತು. ಜಡ್ಸನರು ಬೇಹುಗಾರರೆಂಬ ಸಂಶಯದಿಂದ ಅರಸನ ಆಳುಗಳು ಅವರನ್ನು ಆವಾ ಪಟ್ಟಣದಲ್ಲಿ ಹಿಡಿದು, ಕಾಲಿಗೆ ಸಂಕೋಲೆ ಹಾಕಿ ಸೆರೆಯಲ್ಲಿಟ್ಟರು. ಸುಮಾರು 17 ತಿಂಗಳು ಈ ಬಾಧೆ ನಡೆಯಿತು. ಆನಮ್ಮನವರು ಅಧಿಕಾರಿಗಳ ಬಾಗಿಲಿಗೆ ಅಲೆದು ಬೇಡಿಕೊಂಡರು, ಗಂಡನಿಗೆ ಅನ್ನವನ್ನು ಒದಗಿಸಿದರು, ಅವರು ಬರ್ಮೀ ಭಾಷೆಗೆ ತಿರುಗಿಸಿದ್ದ ಹೊಸ ಒಡಂಬಡಿಕೆಯ ಕೈಬರಹವನ್ನು ತಲೆದಿಂಬಿನೊಳಗೆ ಹೊಲಿದು ಕಾಪಾಡಿದರು. ಯುದ್ಧವು ಮುಗಿದು ಇನ್ನೇನು ಸುಖದ ದಿನಗಳು ಬಂದವೆನ್ನುವಷ್ಟರಲ್ಲಿ, ಗಂಡನು ದೂರದಲ್ಲಿದ್ದಾಗಲೇ, 1826 ಅಕ್ಟೋಬರ್ 24ರಂದು ಆಕೆ ಆಮ್‌ಹರ್ಸ್ಟ್ ಎಂಬಲ್ಲಿ ತೀರಿಕೊಂಡರು. ಆರು ತಿಂಗಳಾಗುವಾಗ ಎರಡು ವರುಷದ ಮಗಳು ಮರಿಯಳೂ ಹೋದಳು.

ಸೆರೆಮನೆಯಲ್ಲಿ ಕುಗ್ಗದವರು ಈಗ ಕುಗ್ಗಿದರು. ಆಕೆ ಸಾಯುವಾಗ ಬಳಿಯಲ್ಲಿರಲಿಲ್ಲವೆಂಬ ಸಂಕಟವು ಅವರನ್ನು ಕೊರೆಯುತ್ತಿತ್ತು. ತಮ್ಮ ಪಾಂಡಿತ್ಯದ ಬಿರುದನ್ನು ತೊರೆದು, ಸ್ವಂತ ಹಣವನ್ನು ಮಿಶನಿಗೆ ಕೊಟ್ಟುಬಿಟ್ಟು, 1828ರಲ್ಲಿ ಮೌಲ್ಮೇನ್ ಬಳಿಯ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು ಒಂಟಿಯಾಗಿ ವಾಸಿಸಿದರು. ತಮಗಾಗಿ ಒಂದು ಸಮಾಧಿಯನ್ನು ಅಗೆದು ಅದರ ಅಂಚಿನಲ್ಲಿ ಕುಳಿತಿರುತ್ತಿದ್ದರು. ದೇವರಿದ್ದಾನೆಂದು ನಂಬುತ್ತೇನೆ, ಆದರೆ ಆತನನ್ನು ಕಾಣಲಾರೆನೆಂಬುದೇ ಅವರ ಮೊರೆಯಾಗಿತ್ತು.

ಈ ಕತ್ತಲೆ ಒಂದೇ ದಿನದಲ್ಲಿ ಹರಿಯಲಿಲ್ಲ. ಆಕಾಶದಿಂದ ಯಾವ ದರ್ಶನವೂ ಬರಲಿಲ್ಲ. ಜೊತೆಕೆಲಸದವರು ಅವರಿಗಾಗಿ ಪ್ರಾರ್ಥಿಸುತ್ತಾ ಇದ್ದರು. ಬಹುಕಾಲ ನಂಬಿಕೆಯಿಲ್ಲದೆ ಇದ್ದ ಅವರ ತಮ್ಮನು 1829ರಲ್ಲಿ ಕರ್ತನನ್ನು ನಂಬಿ ಸತ್ತನೆಂಬ ಸುದ್ದಿಯು ಅವರ ಹೃದಯವನ್ನು ಮುಟ್ಟಿತು. ಅವರು ಸತ್ಯವೇದವನ್ನು ಭಾಷಾಂತರಿಸುವ ಕೆಲಸವನ್ನು ಮುಂದುವರಿಸಿದರು. 1831ರಲ್ಲಿ ರಂಗೂನಿನ ದೊಡ್ಡ ಉತ್ಸವದ ವೇಳೆಯಲ್ಲಿ ದೂರದೂರದಿಂದ ಬಂದವರು ತಾವಾಗಿ ಕೇಳಲು, ಸುಮಾರು 10,000 ಕರಪತ್ರಗಳನ್ನು ಹಂಚಿದರು. ಹೀಗೆ ಸ್ವಲ್ಪ ಸ್ವಲ್ಪವಾಗಿ ಬೆಳಕು ಮೂಡಿತು.

1834 ಜನವರಿ 31ರಂದು ಬರ್ಮೀ ಸತ್ಯವೇದದ ಭಾಷಾಂತರವು ಸಂಪೂರ್ಣವಾಯಿತು. ಅದೇ ವರುಷ ಅವರು ಸಾರಾ ಬೋರ್ಡ್‌ಮನ್ ಎಂಬ ಮಿಶನರಿಯ ವಿಧವೆಯನ್ನು ಮದುವೆಯಾದರು. 1850 ಏಪ್ರಿಲ್ 12ರಂದು ಸಮುದ್ರಯಾನದಲ್ಲಿ ತೀರಿಕೊಂಡ ಅವರ ದೇಹವನ್ನು ಸಮುದ್ರಕ್ಕೇ ಒಪ್ಪಿಸಿದರು. ಕಾಡಿನಲ್ಲಿ ಅಗೆದ ಆ ಸಮಾಧಿಯು ಅವರಿಗೆ ಬೇಕಾಗಲಿಲ್ಲ. ಅವರು ತಿರುಗಿಸಿದ ವೇದವನ್ನೋ ಬರ್ಮೀ ಕ್ರೈಸ್ತರು ಇಂದಿಗೂ ಓದುತ್ತಾರೆ.

ಆದಕಾರಣ, ದುಃಖದಲ್ಲಿರುವವರೇ, ದೇವರ ಮುಖ ಕಾಣಿಸದಿದ್ದರೆ ಆತನು ಇಲ್ಲವೆಂದು ಎಣಿಸಬೇಡಿರಿ. ಕೈಯಲ್ಲಿರುವ ಕೆಲಸವನ್ನು ಮಾಡುತ್ತಾ ಕಾದಿರಿ. ನೆರೆಯವರೇ, ಅಂಥವರ ನಂಬಿಕೆಯನ್ನು ಹಳಿಯದೆ, ಅವರ ಮನೆಗೆ ಹೋಗಿ ಬಳಿಯಲ್ಲಿ ಕುಳಿತುಕೊಳ್ಳಿರಿ. ಅವರು ಪ್ರಾರ್ಥಿಸಲಾರದಿರುವಾಗ ಅವರಿಗಾಗಿ ನೀವು ಪ್ರಾರ್ಥಿಸಿರಿ.