ಗಜರಕ್ಷಕ ಪಿ. ಶ್ರೀನಿವಾಸ್

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬಯಲುಸೀಮೆ ಕಾಡಾನೆಯ ಬೀಡಲ್ಲ. ಆದರೂ ಆನೆಗಳ ಉಳಿವಿಗಾಗಿ ಪ್ರಾಣವನ್ನೇ ತೆತ್ತ ಅಧಿಕಾರಿಯೊಬ್ಬರ ಜೀವನವನ್ನು ಸಹಪಾಠಿಗಳ ಮುಂದಿಡುವುದು ಉಚಿತವೆಂದು ನಾನು ಭಾವಿಸಿದ್ದೇನೆ.

ಶ್ರೀನಿವಾಸರು 1954ರಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಜನಿಸಿದರು. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದರು. ಆ ಕಾಲದಲ್ಲಿ ಮಲೆಯ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ವೀರಪ್ಪನ್ ಎಂಬಾತನ ತಂಡವು ದಂತದ ಆಸೆಗೆ ಆನೆಗಳನ್ನು ಕೊಲ್ಲುತ್ತಿತ್ತು. ಏಷ್ಯದ ಆನೆಗಳಲ್ಲಿ ಗಂಡಿಗೆ ಮಾತ್ರ ನೀಳವಾದ ದಂತಗಳಿರುತ್ತವೆ. ಆದುದರಿಂದ ಗುಂಡಿಗೆ ಬಲಿಯಾದವು ಸಲಗಗಳೇ. ಹಿಂಡುಗಳಲ್ಲಿ ಗಂಡುಗಳು ವಿರಳವಾದರೆ ಸಂತತಿಯೇ ಕ್ಷೀಣಿಸುವುದಲ್ಲವೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಯಲ್ಲಿತ್ತು. ಆದರೆ ಕಾಯಿದೆಯ ಪುಸ್ತಕ ತಾನೇ ಹೋಗಿ ಕಾಡು ಕಾಯಲಾರದು. 1986ರಲ್ಲಿ ಸೆರೆಸಿಕ್ಕಿದ ವೀರಪ್ಪನ್ ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡನು.

ಕಳ್ಳಬೇಟೆಯ ಬೇರು ಬಡತನದಲ್ಲಿದೆಯೆಂಬುದನ್ನು ಶ್ರೀನಿವಾಸರು ಕಂಡುಕೊಂಡರು. ಅವರು ವೀರಪ್ಪನ್ನನ ಹುಟ್ಟೂರಾದ ಗೋಪಿನಾಥಂಗೇ ಹೋಗಿ ಜನರ ನಡುವೆ ಬಾಳಿದರು. ಕುಡಿಯುವ ನೀರು, ಔಷಧೋಪಚಾರಗಳಿಗೆ ಏರ್ಪಾಡು ಮಾಡಿದರು. ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ತಂಡದಲ್ಲಿದ್ದ ಹಲವರ ಮನವೊಲಿಸಿ ಶರಣಾಗುವಂತೆ ಮಾಡಿದರು.

1991ರ ನವೆಂಬರ್ 10ರಂದು, ವೀರಪ್ಪನ್ನನೂ ಶರಣಾಗುವನೆಂಬ ಮಾತನ್ನು ನಂಬಿ, ಅವರು ನಿರಾಯುಧರಾಗಿ ಕಾಡಿಗೆ ಹೊರಟರು. ಅದು ವಂಚನೆಯಾಗಿತ್ತು. ಅವರನ್ನು ಅತಿ ಕ್ರೂರವಾಗಿ ಕೊಲ್ಲಲಾಯಿತು. ಆಗ ಅವರಿಗೆ 37 ವರ್ಷ. 1992ರಲ್ಲಿ ಭಾರತ ಸರ್ಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತು ಗೌರವಿಸಿತು. ವೀರಪ್ಪನ್ ಪೊಲೀಸರ ಗುಂಡಿಗೆ ಬಲಿಯಾದುದು 2004ರಲ್ಲಿ.

ಹಂತಕನನ್ನು ನಂಬಿದ್ದು ಅವಿವೇಕವೆಂದು ಕೆಲವರು ಹೇಳಬಹುದು. ಆ ನಂಬಿಕೆ ಅವರ ಪ್ರಾಣವನ್ನು ತೆಗೆದುದು ನಿಜ. ಆದರೆ ಹಳ್ಳಿಯ ಒಲವಿಲ್ಲದೆ ಕಾಡು ಉಳಿಯದೆಂಬ ಅವರ ತಿಳಿವು ಸುಳ್ಳಾಗಲಿಲ್ಲವೆಂದೇ ನನ್ನ ಎಣಿಕೆ. ಕೋವಿಯಿಂದ ಕಳ್ಳನನ್ನು ಕೊಲ್ಲಬಹುದು. ಅವನಿಗೆ ಅನ್ನವಿಕ್ಕುವ ಊರನ್ನು ಗೆಲ್ಲಲು ಪ್ರೀತಿಯೇ ಬೇಕು.

ಈ ಮಾತು ನಮಗೆ ದೂರದ್ದಲ್ಲ. ಗೌರಿಬಿದನೂರಿಗೆ ನೆರೆಯದಾದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದನ್ನು ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಜಿಂಕೆಗಳು ಹೊಲಕ್ಕಿಳಿದು ಪೈರು ಮೇಯುವುದುಂಟು. ನಷ್ಟವನ್ನುಂಡ ರೈತನ ಕಷ್ಟವನ್ನು ಕೇಳುವವರಿದ್ದರೆ, ಉರುಳೊಡ್ಡುವವನನ್ನು ಊರೇ ತಡೆದೀತು. ನಮ್ಮಲ್ಲಿ ಹಲವರು ರೈತರ ಮಕ್ಕಳು. ನಾಳೆ ಕೆಲವರು ಅಧಿಕಾರಿಗಳೂ ಆಗಬಹುದು. ಆಗ ಶ್ರೀನಿವಾಸರ ಹಾದಿ ನಮಗೆ ನೆನಪಿರಲಿ.